ಗಾಲಿ ಮೇಲಿನ ಲೆಕ್ಕ

ನಮ್ಮ ಕಡೆಯವರಿಗೆ ತೂಕದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕಿನಲ್ಲಿ ಕಬ್ಬಿನ ಸೀಜನ್ ಶುರುವಾಯಿತು ಅಂದರೆ ಮಾತುಕತೆಯೆಲ್ಲ ಟನ್ನಿನಲ್ಲೇ. ಎಕರೆಗೆ ಎಷ್ಟು ಟನ್ ಬಿತ್ತು, ಒಂದು ಖೇಪಿಗೆ ಎಷ್ಟು ಟನ್ ಹೋಯಿತು, ಕಾಟಾದಲ್ಲಿ ಎಷ್ಟು ಬಂತು. (ವೇ ಬ್ರಿಜ್‌ಗೆ ನಾವು ಕಾಟಾ ಅಂತೀವಿ.) ಫ್ಯಾಕ್ಟರಿಯ ಕಾಟಾ ಮೇಲೆ ಅನುಮಾನ ಬಂದರೆ ಮೊದಲು ಹೊರಗಿನ ಕಾಟಾದಲ್ಲಿ ತೂಗಿಸಿ, ಆ ಚೀಟಿ ಕಿಸೆಯಲ್ಲಿಟ್ಟುಕೊಂಡೇ ಒಳಗೆ ಹೋಗುವ ಜನ ನಾವು. ಐವತ್ತು ಕಿಲೋ ಹೆಚ್ಚುಕಮ್ಮಿ ಆದರೂ ಜಗಳ.

ಇಂಥ ಜನಕ್ಕೆ ಒಂದು ಪ್ರಶ್ನೆ ಕೇಳಿ ನೋಡಿ: ನಿಮ್ಮ ಗಾಡಿಯ ಹಿಂದಿನ ಒಂದು ಗಾಲಿಯ ಮೇಲೆ ಎಷ್ಟು ಕಿಲೋ ಬೀಳತೈತಿ? ಅಲ್ಲಿಗೆ ಮಾತು ನಿಂತಿತು. ಕಬ್ಬಿನ ತೂಕ ಗೊತ್ತು, ಅದನ್ನು ಹೊರುವ ಟೈರಿನ ತಾಕತ್ತು ಗೊತ್ತಿಲ್ಲ.

ಈ ತಿಂಗಳು ಟೈರ್ ಬಗ್ಗೆ ಬರೆಯಲು ಕಾರಣ ರಾಯಬಾಗದ ಕಡೆ ಇರುವ ನಮ್ಮ ಕಾಕಾನ ಮಗ. ಅವನ ಹಳೆ ಬೊಲೆರೊಗೆ ನಾಲ್ಕೂ ಟೈರ್ ಬದಲಿಸಬೇಕಿತ್ತು. ವಾಟ್ಸಾಪ್‌ನಲ್ಲಿ ಆರು ಫೋಟೊ ಬಂದವು, ಹಿಂದೆಯೇ ಫೋನು. "ತಮ್ಮಾ, ನೀ ಎಂಜಿನಿಯರ್ ಅದಿ ಅಲ್ಲಾ, ಇದರಾಗ ಯಾವುದು ಗಟ್ಟಿ ಹೇಳು. ಅಂಗಡಿಯಾಂವ ಹತ್ತು ಪ್ಲೈ ತಗೋರಿ, ಕಲ್ಲ ಮ್ಯಾಲ ಹೊಡದ್ರೂ ಏನೂ ಆಗಂಗಿಲ್ಲ ಅನ್ನಾಕತ್ತಾನ." ನಾನು ಸಾಫ್ಟ್‌ವೇರ್‌ನವನು ಅಂತ ಹೇಳಿದರೆ ಮನೆಯಲ್ಲಿ ಅದು ನೆಪ ಅನ್ನಿಸುತ್ತದೆ. ಫ್ಯಾನ್ ರಿಪೇರಿಯಿಂದ ಬೋರ್‌ವೆಲ್ ಮೋಟಾರ್‌ವರೆಗೆ ಎಲ್ಲದಕ್ಕೂ ಎಂಜಿನಿಯರ್ ಅಂದರೆ ಎಂಜಿನಿಯರ್! ಆದರೆ ಟೈರಿನ ವಿಷಯ ನಿಜಕ್ಕೂ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಒಂದು ಟೇಬಲ್ ಇದೆ, ಕೆಲವು ಷರತ್ತುಗಳಿವೆ, ಷರತ್ತು ಓದದೆ ಟೇಬಲ್ ಓದುವ ಗಿರಾಕಿಗಳಿದ್ದಾರೆ.

ಬೊಲೆರೊದ ಟೈರಿನ ಪಕ್ಕದಲ್ಲಿ 215/75 ಆರ್ 15, ಅದರ ಮುಂದೆ 100 ಎಸ್ ಅಂತ ಸಾಮಾನ್ಯವಾಗಿ ಇರುತ್ತದೆ. 215 ಅಂದರೆ ಮಿಲಿಮೀಟರಿನಲ್ಲಿ ಅಗಲ. 75 ಅಂದರೆ ಆ ಅಗಲದ ಶೇಕಡಾ 75ರಷ್ಟು ಪಕ್ಕದ ಎತ್ತರ. ಆರ್ ಅಂದರೆ ರೇಡಿಯಲ್. 15 ಅಂದರೆ ಇಂಚಿನಲ್ಲಿ ರಿಮ್. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಕೊನೆಯ 100 ಇದೆಯಲ್ಲ, ಅದೇ ಲೋಡ್ ಇಂಡೆಕ್ಸ್. ಅದು ಕಿಲೋ ಅಲ್ಲ, ಕೋಡ್. ಕೋಷ್ಟಕದಲ್ಲಿ 100ರ ಎದುರು 800 ಕಿಲೋ ಇದೆ. ಅಂದರೆ ಒಂದು ಗಾಲಿ ಗರಿಷ್ಠ 800 ಕಿಲೋ ಹೊರಬಹುದು. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದ ಮಿತಿ. ಬೊಲೆರೊ ಆ ವೇಗಕ್ಕೆ ಹೋದರೆ ಟೈರಿಗಿಂತ ಮೊದಲು ನಮ್ಮ ಕಾಕೂ ಹೆದರಿ ಇಳಿದುಬಿಡುತ್ತಾಳೆ, ಆ ಮಾತು ಬಿಡಿ.

ಈ ಕೋಷ್ಟಕದಲ್ಲಿ ನನಗೆ ಇಷ್ಟವಾದ ಒಂದು ಗುಟ್ಟಿದೆ. ಇಂಡೆಕ್ಸ್ 80 ಮೆಟ್ಟಿಲು ಏರಿದರೆ ತೂಕ ಸರಿಯಾಗಿ ಹತ್ತು ಪಟ್ಟು. 20ಕ್ಕೆ 80 ಕಿಲೋ, 100ಕ್ಕೆ 800 ಕಿಲೋ. 40ಕ್ಕೆ 140, 120ಕ್ಕೆ 1400. ಅಂದರೆ ಒಂದೊಂದು ಮೆಟ್ಟಿಲಿಗೂ ಸುಮಾರು ಶೇಕಡಾ 3ರಷ್ಟು ಏರಿಕೆ, 24 ಮೆಟ್ಟಿಲಿಗೆ ದುಪ್ಪಟ್ಟು. ಹಾಗಾಗಿ 100 ಮತ್ತು 104 ನೋಡಲು ಅಕ್ಕಪಕ್ಕ ಇದ್ದರೂ ನಡುವೆ ಗಾಲಿಗೆ 100 ಕಿಲೋ ಫರಕು. ಎರಡು ಮೂಟೆ ಸಿಮೆಂಟು.

ಅಣ್ಣನಿಗೆ ಅಂಗಡಿಯಲ್ಲಿ ತೋರಿಸಿದ್ದು ಒಂದು ಸೈಜ್ ದೊಡ್ಡದು, 235/75 ಆರ್ 15. ಗಾಡಿ ಎತ್ತರ ಕಾಣಬೇಕು, ಹೊಲದ ಬದುವು ದಾಟಬೇಕು ಅನ್ನುವವರು ಇದನ್ನು ಹಾಕಿಸುತ್ತಾರೆ. ಈ ಒಂದೇ ಅಳತೆಯಲ್ಲಿ ಮೂರು ಥರದ ಟೈರ್ ಸಿಗುತ್ತವೆ. ಸಾಮಾನ್ಯದ್ದರ ಮೇಲೆ 105 ಇರುತ್ತದೆ, 925 ಕಿಲೋ. ಎಕ್ಸ್‌ಎಲ್ ಅಂತ ಬರೆದದ್ದರ ಮೇಲೆ 109, ಅಂದರೆ 1030 ಕಿಲೋ. ಮೂರನೆಯದು ಎಲ್‌ಟಿ, ಲೈಟ್ ಟ್ರಕ್ಕಿನದು. ದಪ್ಪ ಪಕ್ಕ, ಒರಟು ಕಚ್ಚು, ನೋಡಿದರೆ ಪೈಲ್ವಾನ. ಅದರ ಮೇಲೆ ಎಷ್ಟಿರಬಹುದು? ಲೋಡ್ ರೇಂಜ್ ಸಿ ಆದರೆ 104/101. ಒಂಟಿ ಗಾಲಿಗೆ 900 ಕಿಲೋ, ಜೋಡಿ ಗಾಲಿ ಹಾಕಿದರೆ ತಲಾ 825. ಅಂದರೆ ಮೂರರಲ್ಲಿ ಪೈಲ್ವಾನನದೇ ಎಲ್ಲಕ್ಕಿಂತ ಕಡಿಮೆ ಅಂಕಿ!

ಇದನ್ನು ಹೇಳಿದಾಗ ಅಣ್ಣ ನಂಬಲಿಲ್ಲ. ನಿಜ ಹೇಳಬೇಕೆಂದರೆ ಇದು ಪೂರ್ತಿ ಸಮನಾದ ಹೋಲಿಕೆಯೂ ಅಲ್ಲ. ಕಾರಿನ ಟೈರನ್ನು ಟ್ರಕ್ಕಿನಂಥ ಗಾಡಿಗೆ ಹಾಕಿದರೆ ಅಮೆರಿಕದ ನಿಯಮದಂತೆ ಅದರ ತೂಕವನ್ನು 1.1ರಿಂದ ಭಾಗಿಸಬೇಕು. ಯಾಕೆಂದರೆ ಅಂಥ ಗಾಡಿಯನ್ನು ಜನ ತುಂಬಿ ತುಳುಕಿಸುತ್ತಾರೆ, ತಗ್ಗುದಿಣ್ಣೆಯಲ್ಲಿ ಓಡಿಸುತ್ತಾರೆ. ಹಾಗೆ ಭಾಗಿಸಿದರೆ 925 ಕಿಲೋದ್ದು 840ಕ್ಕೆ ಇಳಿಯುತ್ತದೆ, 1030ರದ್ದು 936ಕ್ಕೆ. ಆಗ ಎಲ್‌ಟಿ ಮಧ್ಯದಲ್ಲಿ ಬಂದು ನಿಲ್ಲುತ್ತದೆ. ಒಟ್ಟಿನಲ್ಲಿ ಎಲ್‌ಟಿ ಅನ್ನುವ ಎರಡು ಅಕ್ಷರ ನೋಡಿ ಹೆಚ್ಚು ಭಾರ ಹೊರುತ್ತದೆ ಅಂತ ದುಡ್ಡು ಕೊಡಬೇಡಿ. ಅದು ಕೊಡುವುದು ಬೇರೆ: ಕಲ್ಲಿಗೆ, ಕಬ್ಬಿನ ಕೂಳೆಗೆ ಸುಲಭಕ್ಕೆ ಹರಿಯದ ಪಕ್ಕದ ಗೋಡೆ. ಕಬ್ಬು ಕಡಿದ ಹೊಲದಲ್ಲಿ ಗಾಡಿ ಇಳಿಸಿದವರಿಗೆ ಆ ಕೂಳೆಯ ಚೂಪು ಗೊತ್ತು.

ಇನ್ನು ಹತ್ತು ಪ್ಲೈ. ಹತ್ತಿ ನೂಲಿನ ಕಾಲದಲ್ಲಿ ಟೈರಿನ ಒಳಗೆ ನಿಜವಾಗಿ ಪದರಗಳನ್ನು ಎಣಿಸುತ್ತಿದ್ದರು. ಈಗ ಒಳಗೆ ಹತ್ತು ಪದರ ಇರುವುದಿಲ್ಲ, ಹತ್ತು ಪದರಕ್ಕೆ ಸಮ ಅನ್ನುವ ದರ್ಜೆ ಮಾತ್ರ. ಆರು ಪ್ಲೈ ಅಂದರೆ ಸಿ, ಎಂಟು ಅಂದರೆ ಡಿ, ಹತ್ತು ಅಂದರೆ ಇ. ದರ್ಜೆ ಏರಿದ ಹಾಗೆ ಟೈರ್ ತಡೆಯುವ ಹವಾ ಏರುತ್ತದೆ: ಸಿಗೆ 50 ಪಿಎಸ್‌ಐ, ಡಿಗೆ 65, ಇಗೆ 80. ಭಾರ ಹೊರುವುದು ಮುಖ್ಯವಾಗಿ ಒಳಗಿನ ಹವಾ. ರಬ್ಬರ್ ಅನ್ನುವುದು ಆ ಹವಾ ಹಿಡಿದಿಡುವ ಚೀಲ.

ಇಲ್ಲೇ ಎಲ್ಲರೂ ಎಡವುವುದು. ಥಾರ್ ಇರುವವರು ಗಮನಿಸಿ. 245/75 ಆರ್ 16 ಅಳತೆಯಲ್ಲಿ 111 ಬರೆದ ಸಾಮಾನ್ಯ ಟೈರ್ 35-36 ಪಿಎಸ್‌ಐ ಹವಾದಲ್ಲೇ ತನ್ನ ಪೂರ್ತಿ 1090 ಕಿಲೋ ಹೊರುತ್ತದೆ. ಅದೇ ಅಳತೆಯ ಹತ್ತು ಪ್ಲೈ ಎಲ್‌ಟಿ ಟೈರಿನ ಮೇಲೆ 120 ಅಂತ ಇರುತ್ತದೆ, 1400 ಕಿಲೋ. ಆದರೆ ಅದು 80 ಪಿಎಸ್‌ಐಗೆ ಬರೆದ ಅಂಕಿ. ಅದಕ್ಕೂ 35 ಪಿಎಸ್‌ಐ ಹೊಡೆಸಿದರೆ ತಯಾರಕರ ಕೋಷ್ಟಕದಂತೆ ಹೆಚ್ಚುಕಡಿಮೆ 770 ಕಿಲೋ ಮಾತ್ರ. ದುಬಾರಿ ಟೈರ್ ಹಾಕಿಸಿ, ಪಂಕ್ಚರ್ ಅಂಗಡಿಯಲ್ಲಿ ರೂಢಿಯಂತೆ "ಮೂವತ್ತೈದು ಹೊಡಿ ಮಾಮಾ" ಅಂದರೆ ಗಾಲಿಗೆ 300 ಕಿಲೋದಷ್ಟು ತಾಕತ್ತು ಕಳೆದುಕೊಂಡ ಹಾಗೆ. ಹಾಗಂತ 80 ತುಂಬಿಸಿದರೆ ಚಿಕ್ಕೋಡಿ ಮುಟ್ಟುವುದರೊಳಗೆ ಹಿಂದಿನ ಸೀಟಿನಲ್ಲಿ ಕೂತವರ ಸೊಂಟ ಬಿದ್ದುಹೋಗುತ್ತದೆ. ಅಷ್ಟು ಹವಾ ಬೇಡುವ ಭಾರ ಆ ಗಾಡಿಯಲ್ಲಿ ಇರುವುದೇ ಇಲ್ಲವಲ್ಲ.

ಈಗ ಟೈರಿನ ಸ್ವಂತ ತೂಕಕ್ಕೆ ಬರೋಣ. ಅದು ಟೈರಿನ ಪಕ್ಕದಲ್ಲಿ ಬರೆದಿರುವುದಿಲ್ಲ, ಅಂಗಡಿಯಲ್ಲಿ ಕೇಳಿದರೆ "ಗಟ್ಟಿ ಐತಿ ತಗೋರಿ" ಅಂತ ಉತ್ತರ ಬರುತ್ತದೆ. ಅಣ್ಣ ಬುದ್ಧಿವಂತ. ಕಾಳಿನ ಅಂಗಡಿಯವರ ಎಲೆಕ್ಟ್ರಾನಿಕ್ ಕಾಟಾದ ಮೇಲೆ ತನ್ನ ಹಳೆಯದೊಂದನ್ನೂ, ಕೇಳಿ ತಂದ ಹೊಸ ದೊಡ್ಡ ಆಲ್-ಟೆರೇನ್ ಒಂದನ್ನೂ ಇಟ್ಟ. ಸುಮಾರು ಐದು ಕಿಲೋ ಫರಕು. ಹಳೆಯದು ಸವೆದಿತ್ತು, ಅದರಲ್ಲಿ ಅರ್ಧ ಒಂದು ಕಿಲೋ ಬಿಡಿ.

ಎರಡು ಸಾವಿರ ಕಿಲೋದ ಗಾಡಿಗೆ ಐದು ಕಿಲೋ ಯಾವ ಲೆಕ್ಕ ಅನ್ನಬಹುದು. ಆದರೆ ಇದು ಗಾಡಿಯೊಳಗೆ ಕೂತ ಭಾರ ಅಲ್ಲ, ತಿರುಗುವ ಭಾರ. ಉರುಳುವ ಬಳೆಯ ಹಾಗೆ ಅಂಚಿನಲ್ಲಿರುವ ಒಂದು ಕಿಲೋವನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ವೇಗ ಹೆಚ್ಚಿಸುವಾಗ, ಬ್ರೇಕ್ ಹಾಕುವಾಗ ಅದು ಎರಡು ಕಿಲೋದಷ್ಟು ಕೆಲಸ ಬೇಡುತ್ತದೆ. ನಾಲ್ಕು ಗಾಲಿಗೆ 20 ಕಿಲೋ ಅಂದರೆ ಸುಮಾರು 40 ಕಿಲೋದ ಪರಿಣಾಮ. ಒಬ್ಬ ಹೈಸ್ಕೂಲ್ ಹುಡುಗನನ್ನು ಸದಾ ಕೂರಿಸಿಕೊಂಡು ಓಡಾಡಿದಂತೆ. ಅದೂ ಅಲ್ಲದೆ ಈ ಭಾರ ಸ್ಪ್ರಿಂಗಿನ ಕೆಳಗೆ ಇರುತ್ತದೆ. ತಗ್ಗಿಗೆ ಬಿದ್ದು ಎದ್ದ ಭಾರದ ಗಾಲಿಯನ್ನು ಮತ್ತೆ ರಸ್ತೆಗೆ ಒತ್ತಿ ಹಿಡಿಯಲು ಶಾಕ್ ಅಬ್ಸಾರ್ಬರ್ ಹೆಚ್ಚು ಒದ್ದಾಡಬೇಕು. ಬೊಲೆರೊ, ಥಾರ್ ಎರಡರಲ್ಲೂ ಸ್ಟೆಪ್ನಿ ಹಿಂದಿನ ಬಾಗಿಲಿಗೆ ತೂಗುತ್ತದೆ. ಐದನೇ ದೊಡ್ಡ ಟೈರ್ ಅಲ್ಲಿಗೆ ಹಾಕಿದರೆ ಬಾಗಿಲ ಕೀಲು ಅದರ ಸುಂಕ ಕಟ್ಟುತ್ತದೆ.

ಇನ್ನೊಂದು ಸಣ್ಣ ವಿಷಯ. 215ರಿಂದ 235ಕ್ಕೆ ಹೋದರೆ ಟೈರಿನ ಎತ್ತರ 703 ಮಿಲಿಮೀಟರಿನಿಂದ 733ಕ್ಕೆ ಏರುತ್ತದೆ, ಶೇಕಡಾ 4ಕ್ಕಿಂತ ಸ್ವಲ್ಪ ಹೆಚ್ಚು. ಮೀಟರಿನಲ್ಲಿ ಮೊದಲು ಯಾವ ವೇಗಕ್ಕೆ 80 ತೋರಿಸುತ್ತಿತ್ತೋ ಅದಕ್ಕಿಂತ ಮೂರು ಕಿಲೋಮೀಟರ್ ಜೋರಾಗಿ ಹೋಗುತ್ತಿರುತ್ತೀರಿ, ನಿಪ್ಪಾಣಿಯ ಹೈವೇ ಮೇಲೂ ಅಷ್ಟೇ.

ಹಾಗಾದರೆ ಯಾವ ಟೈರ್? ಇದಕ್ಕೆ ಉತ್ತರ ಕೊಡುವ ಯಂತ್ರ ನಮ್ಮೂರಿನ ರಸ್ತೆ ಪಕ್ಕದಲ್ಲೇ ಇದೆ. ಗಾಡಿಗೆ ಮನೆಮಂದಿ, ಲಗೇಜು, ಬುತ್ತಿ ಎಲ್ಲ ತುಂಬಿ ಕಾಟಾಕ್ಕೆ ಒಯ್ಯಿರಿ. ಮೊದಲು ಮುಂದಿನ ಗಾಲಿಗಳನ್ನು ಮಾತ್ರ ಹತ್ತಿಸಿ ಓದಿಸಿ. ಆಮೇಲೆ ಇಡೀ ಗಾಡಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸೆಲ್. ಉದಾಹರಣೆಗೆ ಒಟ್ಟು 2250, ಮುಂದೆ 950 ಬಂತು ಅಂತಿಟ್ಟುಕೊಳ್ಳಿ. ಹಿಂದೆ 1300, ಒಂದು ಗಾಲಿಗೆ 650. ಇಂಡೆಕ್ಸ್ 100 ಇರುವ ಕಂಪನಿ ಸೈಜಿನ ಟೈರಿಗೆ ಮಿತಿ 800. 1.1ರಿಂದ ಭಾಗಿಸಿದರೂ 727. ಭಾರ ಎಡಕ್ಕೋ ಬಲಕ್ಕೋ ಸ್ವಲ್ಪ ವಾಲುತ್ತದೆ ಅಂತ ಹಿಡಿದರೂ ಸಾಕಾಗುತ್ತದೆ. ಅದರ ಮೇಲೆ 109ರದ್ದು ಹಾಕಿಸಿದರೆ ಗಾಡಿ ಹೆಚ್ಚು ಹೊರುವುದಿಲ್ಲ. ಅದರ ಸ್ಪ್ರಿಂಗು, ಆಕ್ಸೆಲ್, ಬ್ರೇಕು ಎಲ್ಲ ಮೊದಲಿನವೇ ಅಲ್ಲವೇ? ಆರ್‌ಸಿ ಪುಸ್ತಕದ ತೂಕವೂ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ನಿಯಮ ಇಷ್ಟೇ: ಕಾಟಾದ ಅಂಕಿಗಿಂತ ಶೇಕಡಾ 15-20ರಷ್ಟು ಹೆಚ್ಚು ಹೊರುವ, ಆದರೆ ಕಂಪನಿ ಹೇಳಿದ ಇಂಡೆಕ್ಸಿಗಿಂತ ಎಂದೂ ಕಡಿಮೆಯಿಲ್ಲದ ಟೈರುಗಳ ಪೈಕಿ ಎಲ್ಲಕ್ಕಿಂತ ಹಗುರವಾದದ್ದು. ಅಣ್ಣ ಕಂಪನಿ ಸೈಜಿನಲ್ಲೇ ಆಲ್-ಟೆರೇನ್ ಹಾಕಿಸಿದ. ಅಂಗಡಿಯವನಿಗೆ ಬೇಜಾರಾಯಿತಂತೆ.

ಮಳೆಗಾಲದ ಎರೆ ಹೊಲದ ಮಾತು ಬೇರೆ. ಕೃಷ್ಣಾ ದಂಡೆಯ ಕರಿ ಮಣ್ಣು ಗೊತ್ತಲ್ಲ, ಒಮ್ಮೆ ಹಿಡಿದರೆ ಚಪ್ಪಲಿಯನ್ನೂ ಬಿಡುವುದಿಲ್ಲ. ಅಲ್ಲಿ ಲೋಡ್ ಇಂಡೆಕ್ಸ್ ನಿಮ್ಮನ್ನು ಎತ್ತುವುದಿಲ್ಲ. ಗಾಲಿಯ ಮೇಲಿನ ಭಾರವನ್ನು ಹವಾದ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಅಂದಾಜಾಗಿ ಸಿಗುತ್ತದೆ. ಗಾಲಿಗೆ 500 ಕಿಲೋ, ಹವಾ 35 ಪಿಎಸ್‌ಐ ಇದ್ದರೆ ಸುಮಾರು 200 ಚದರ ಸೆಂಟಿಮೀಟರ್, ಒಂದು ಸಣ್ಣ ಚಪಾತಿಯಷ್ಟು. ಹವಾ 20ಕ್ಕೆ ಇಳಿಸಿದರೆ 350, ಒಂದು ಜೋಳದ ರೊಟ್ಟಿಯಷ್ಟು. ರೊಟ್ಟಿ ಅಗಲವಾದಷ್ಟು ಗಾಲಿ ಕಡಿಮೆ ಹೂಳುತ್ತದೆ. ಹತ್ತು ಪ್ಲೈನ ಬಿರುಸು ಪಕ್ಕ ಅಷ್ಟು ಸುಲಭಕ್ಕೆ ಬಾಗುವುದಿಲ್ಲ, ಹಾಗಾಗಿ ಹಗುರ ಗಾಡಿಗೆ ಅದು ಕೆಸರಿನಲ್ಲೂ ಅಂಥ ಲಾಭ ಕೊಡುವುದಿಲ್ಲ. ಆದರೆ ಹವಾ ಇಳಿಸಿದ ಟೈರಿಗೆ ಹೊರುವ ತಾಕತ್ತೂ ಇಳಿದಿರುತ್ತದೆ. ಖಾಲಿ ಗಾಡಿ, ನಡಿಗೆಯ ವೇಗ, ಡಾಂಬರು ಮುಟ್ಟುವ ಮೊದಲು ಮತ್ತೆ ಹವಾ. ಕೈಯಲ್ಲಿ ಪಂಪ್ ಇಲ್ಲದಿದ್ದರೆ ಈ ಆಟ ಬೇಡ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಚ್ಚೆಂದರೆ ದುಡ್ಡಿನ ವಿಷಯ. ಜೀವದ ವಿಷಯ ಇರುವುದು ಕಬ್ಬಿನ ಟ್ರೇಲರಿನಲ್ಲಿ.

ಲೆಕ್ಕ ಹಾಕಿ. ನಾಲ್ಕು ಗಾಲಿಯ ಒಂದು ಟ್ರೇಲರಿನಲ್ಲಿ 10 ಟನ್ ಕಬ್ಬು, ಟ್ರೇಲರಿನ ಸ್ವಂತ ತೂಕ 2 ಟನ್ ಅಂತ ಹಿಡಿದರೆ ಒಂದು ಗಾಲಿಗೆ 3000 ಕಿಲೋ. ಕೋಷ್ಟಕದಲ್ಲಿ 3000 ಎದುರು ಇರುವ ಇಂಡೆಕ್ಸ್ 146. ಅದು 16 ಪ್ಲೈನ 10.00-20 ಲಾರಿ ಟೈರಿನ ಮಟ್ಟ, ಅದೂ ಹೊಸದಾಗಿದ್ದು ಪೂರ್ತಿ ಹವಾ ಇದ್ದಾಗ. ಈ ಸೀಜನ್‌ನಲ್ಲಿ ಉಗಾರದ ಕಡೆ ಹೋಗುವ ಯಾವುದಾದರೂ ಟ್ರೇಲರ್ ಪಕ್ಕ ನಿಂತು ಗಾಲಿ ನೋಡಿ. ಒಂದರ ಕಂಪನಿ ಒಂದು, ಇನ್ನೊಂದರದು ಮತ್ತೊಂದು. ಲಾರಿಯಿಂದ ಕಳಚಿದ್ದು, ರಿಮೋಲ್ಡ್ ಆದದ್ದು, ಪಕ್ಕದಲ್ಲಿ ಬಿರುಕು ಬಿಟ್ಟದ್ದು. ಹಳೆ ಟೈರ್ ಕೊಳ್ಳುವುದೇ ಆದರೆ ಪಕ್ಕದಲ್ಲಿರುವ ನಾಲ್ಕು ಅಂಕಿಯ ತಾರೀಖನ್ನಾದರೂ ಓದಿ. 2317 ಅಂದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಚೆನ್ನಾಗಿರಲಿ, ರಬ್ಬರಿಗೆ ವಯಸ್ಸಾಗಿರುತ್ತದೆ.

ಕೃಷಿ ಟೈರಿನ ಮೇಲೆ ಎಸ್, ಟಿ ಬದಲು ಎ8 ಅಂತ ಇರುವುದನ್ನೂ ನೋಡಿರಬಹುದು. ಎ8 ಅಂದರೆ ಗಂಟೆಗೆ 40 ಕಿಲೋಮೀಟರ್. ಅಂದರೆ ಆ ಟೈರಿನ ಮೇಲೆ ಬರೆದ ಭಾರ 40ರ ವೇಗಕ್ಕೆ ಹೇಳಿದ ಭಾರ. ಹೆಚ್ಚು ಭಾರ, ಕಡಿಮೆ ಹವಾ, ಹೆಚ್ಚು ವೇಗ, ಈ ಮೂರೂ ಮಾಡುವ ಕೆಲಸ ಒಂದೇ: ಟೈರಿನ ಪಕ್ಕವನ್ನು ಹೆಚ್ಚು ಬಗ್ಗಿಸುವುದು, ಇಲ್ಲವೇ ಹೆಚ್ಚು ಸಲ ಬಗ್ಗಿಸುವುದು. ಬಗ್ಗಿದಷ್ಟು ಕಾವು. ಕಾವು ಏರಿ ಏರಿ ರಬ್ಬರು ನೂಲನ್ನು ಬಿಡುತ್ತದೆ. ಒಡೆಯುವುದು ಒಂದು ಕ್ಷಣ, ಆದರೆ ಅದರ ತಯಾರಿ ಹಲವು ಖೇಪಿಗಳಷ್ಟು ಉದ್ದ. ರಾತ್ರಿ ಹೊತ್ತು, ಹಿಂದೆ ಲೈಟಿಲ್ಲದ ಎರಡು ಟ್ರೇಲರ್, ಅದರ ಹಿಂದೆ ಬೈಕಿನಲ್ಲಿ ಬರುತ್ತಿರುವ ಯಾರೋ. ಮುಂದಿನದನ್ನು ನಾನು ಬರೆಯಬೇಕಿಲ್ಲ, ನಮ್ಮ ಕಡೆಯ ಪೇಪರು ಓದುವವರಿಗೆ ಗೊತ್ತು.

ಡ್ರೈವರನನ್ನು ಬೈಯುವುದು ಸುಲಭ. ಆದರೆ ಸಾಗಾಣಿಕೆಯ ದುಡ್ಡು ಬರುವುದು ಟನ್ನಿನ ಲೆಕ್ಕದಲ್ಲಿ. ಯಾರ್ಡಿನಲ್ಲಿ ಪಾಳಿ ಬರಲು ತಾಸುಗಟ್ಟಲೆ ಕಾಯಬೇಕು. ದಿನಕ್ಕೆ ಒಂದೇ ಖೇಪು ಆಗುವುದಾದರೆ ಆ ಒಂದರಲ್ಲೇ ಎಷ್ಟು ತುಂಬಿದರೂ ಕಡಿಮೆ. ಟ್ರ್ಯಾಕ್ಟರಿನ ಕಂತು ಕಟ್ಟಬೇಕಾದವನಿಗೆ 146ರ ಇಂಡೆಕ್ಸ್ ಹೇಳಿದರೆ ನಗುತ್ತಾನೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರಲ್ಲಿ ತಿದ್ದುಪಡಿಯಾಗಿ, ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಅಂತ ಬರೆದಿದೆ. ಅದನ್ನು ಸೀಜನ್‌ನಲ್ಲಿ ಜಾರಿ ಮಾಡಿದರೆ ಹೊಲದಲ್ಲೇ ಕಬ್ಬು ಒಣಗುತ್ತದೆ ಅಂತ ರೈತರೂ ಹೆದರುತ್ತಾರೆ, ನಮ್ಮ ಕಾಕಾನೂ ಸೇರಿ.

ನನಗೆ ಹೊಳೆಯುವುದು ನನ್ನ ಕೆಲಸಕ್ಕೆ ಹತ್ತಿರದ ಒಂದು ಸಣ್ಣ ಉಪಾಯ. ಫ್ಯಾಕ್ಟರಿಯ ಕಾಟಾ ಈಗ ಕಂಪ್ಯೂಟರಿಗೆ ಜೋಡಿಸಿದ್ದು. ತುಂಬಿದ ತೂಕ, ಖಾಲಿ ತೂಕ, ಕಬ್ಬಿನ ತೂಕ, ಮೂರೂ ಚೀಟಿಯಲ್ಲಿ ಅಚ್ಚಾಗಿ ಬರುತ್ತವೆ. ಟ್ರೇಲರನ್ನಷ್ಟೇ ಹತ್ತಿಸಿ ತೂಗಿದರೆ, ಆ ತೂಕವನ್ನು ಗಾಲಿಗಳ ಸಂಖ್ಯೆಯಿಂದ ಭಾಗಿಸಿ ಕೆಳಗೆ ಇನ್ನೊಂದು ಸಾಲು ಅಚ್ಚು ಹಾಕುವುದು ಒಂದು ಮಧ್ಯಾಹ್ನದ ಕೋಡಿಂಗ್. "ಗಾಲಿಗೆ 3150 ಕಿಲೋ." ದಂಡ ಬೇಡ, ತಡೆದು ನಿಲ್ಲಿಸುವುದೂ ಬೇಡ. ಅಣ್ಣನಿಗೆ ಇದನ್ನು ಹೇಳಿದೆ. "ಫ್ಯಾಕ್ಟರಿಯವರು ಯಾಕ ಹಾಕ್ತಾರ ತಮ್ಮಾ, ನಾಳೆ ಅದ ಚೀಟಿ ಕೋರ್ಟಿನಾಗ ಬರತೈತಿ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಮುಂದುವರಿಸಿದ: "ಆದ್ರ ಟ್ರ್ಯಾಕ್ಟರ್ ಹೊಡಿಯೋ ಹುಡುಗ ಓದ್ತಾನ ನೋಡು. ಅಂವಾ ಅದರ ಮುಂದ ಕುಂತಿರತಾನ."